ಬಾಗಿಲ ಮುಂದಿನ ಕಾಗದದ ಬೂಟುಗಳು

ಮೊದಲು ಚಪ್ಪಲಿ ಕಳಚಿದವಳು ನಾನೇ ಇರಬೇಕು. ಅಥವಾ ಇಷ್ಟು ವರ್ಷ ಹಾಗೆ ಹೇಳುತ್ತ ಬಂದು ಅದೇ ನಿಜವಾಗಿಬಿಟ್ಟಿರಬೇಕು. ಆಗ ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಸದಾಶಿವಣ್ಣನನ್ನು ಕೇಳಿದರೆ ತಾನೇ ಮೊದಲು ಎನ್ನುತ್ತಾನೆ. ಈ ಹೊತ್ತು ಬೆಳಿಗ್ಗೆ ಚಪ್ಪಲಿ ರಿಪೇರಿಯವನ ಎದುರು ಒಂಟಿಕಾಲಲ್ಲಿ ನಿಂತಿದ್ದೆ. ಅವನು ಅಂಟಿನ ಡಬ್ಬಿ ತೆರೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬಹರೇನಿನ ಗುಫೂಲ್ ಬಡಾವಣೆಯಲ್ಲಿದ್ದೆ. ತೊಂಬತ್ತರ ದಶಕದ ಯಾವ ವರ್ಷ ಎಂದು ಕೇಳಬೇಡಿ. ಶುಕ್ರವಾರ ಎಂಬುದಷ್ಟೇ ಗಟ್ಟಿ, ಏಕೆಂದರೆ ಬ್ಯಾಂಕಿಗೆ ರಜೆಯಿತ್ತು.

ಲಿನ್ ನಮ್ಮ ಮೇಲಿನ ಮಹಡಿಯ ಹುಡುಗಿ. ಅಜ್ಜ ಚೀನಾದಿಂದ ಕಲ್ಕತ್ತೆಗೆ ಬಂದು ಬೂಟು ಹೊಲಿದವರು. ಅಪ್ಪ ಕಲ್ಕತ್ತೆಯಿಂದ ಬಹರೇನಿಗೆ ಬಂದು ಜುಫೈರ್‌ನ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ಕಟ್ಟಡಕ್ಕೆಲ್ಲ ಅವರು ಚಾಚಾ. ಲಿನ್ ಹಗಲು ಬೋರ್ಡು ಬರೆಯುವ ಅಂಗಡಿಯಲ್ಲಿ ದುಡಿದು, ಉಳಿದ ಹೊತ್ತು ಚಿತ್ರ, ಹೊಲಿಗೆ, ಕುಣಿತ, ಸದ್ದು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತಿದ್ದಳು.

"ನೀನು ಯಾವುದರ ಕಲಾವಿದೆ?" ಎಂದು ಕೇಳಿದ್ದೆ, ಅರ್ಜಿಯ ಕಾಲಂ ತುಂಬಿಸುವವಳ ಹಾಗೆ.

"ಗೊತ್ತಾದ ದಿನ ಬಿಟ್ಟುಬಿಡ್ತೇನೆ ದೀದಿ," ಎಂದಳು ತನ್ನ ಕಲ್ಕತ್ತೆ ಹಿಂದಿಯಲ್ಲಿ.

ಅವಳ ಮೊದಲ ಪ್ರದರ್ಶನ ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂಗಡಿಯಲ್ಲಿ. ಅಜ್ಜನ ಬೂಟಿನಂಗಡಿಯನ್ನೇ ಕಾಗದದಲ್ಲಿ ಕಟ್ಟಿದ್ದಳು. ಹೊಸ್ತಿಲಿನಿಂದ ಒಳಗಿನ ಗೋಡೆಯವರೆಗೆ ಕಾಗದದ ಬೂಟುಗಳ ಸಾಲು. ಮೈದಾ ಅಂಟು ಸಾಲದೇ ಎಂದರೆ, "ಅಜ್ಜನ ವಾಸನೆ ಬರಬೇಕಲ್ಲ" ಎಂದು ಬೂಟಿನ ಅಂಟನ್ನೇ ಬಳಿದಿದ್ದಳು.

ಚಾಚಾ ಮಾತ್ರ ಒಪ್ಪಲಿಲ್ಲ. ಅವರಲ್ಲಿ ಕಾಗದದ ಬಟ್ಟೆ, ಕಾಗದದ ಮನೆ ಮಾಡಿ ಸುಡುತ್ತಾರೆ. ಸುಟ್ಟದ್ದು ಸತ್ತವರಿಗೆ ತಲುಪುತ್ತದೆ. ಅಜ್ಜ ತೀರಿಕೊಂಡಾಗ ಚಾಚಾಗೆ ರಜೆ ಸಿಕ್ಕಿರಲಿಲ್ಲ, ಏನನ್ನೂ ಸುಟ್ಟಿರಲಿಲ್ಲ. "ಸತ್ತವರ ಸಾಮಾನನ್ನು ಬದುಕಿದವರ ಮುಂದೆ ಹರಡುತ್ತಾಳೆ. ನಾನು ಬರುವುದಿಲ್ಲ," ಎಂದು ಮೆಟ್ಟಿಲಲ್ಲಿ ಸಿಕ್ಕಾಗ ನನಗೇ ಹೇಳಿದರು.

ಲಿನ್ ಅಂಟಿನ ಕೈ ಒರೆಸಿಕೊಳ್ಳುತ್ತ, "ಅಪ್ಪ ನೋಡದಿದ್ದರೆ ಇದನ್ನೆಲ್ಲ ನಾನು ಯಾರಿಗೆ ತೋರಿಸ್ತಾ ಇದ್ದೇನೆ ದೀದಿ?" ಎಂದಳು.

ಬಂದವರಿಗೆ ದಾರಿ ಹೇಳಲು ನನ್ನನ್ನು ಬಾಗಿಲಿಗೆ ನಿಲ್ಲಿಸಿದ್ದಳು. ನಾನು ಮಾಡಿದ್ದೇನು? ಬಾಗಿಲ ಮುಂದೆ ಜೋಡುಗಳ ಸಾಲು ಕಂಡರೆ ಉಡುಪಿ ಕಡೆಯ ಕಾಲಿಗೆ ತಲೆಯ ಅಪ್ಪಣೆ ಬೇಕಿಲ್ಲ. ಕಳಚಿ ಸಾಲಿಗೆ ಸೇರಿಸಿಬಿಟ್ಟೆ. ನಮ್ಮ ಬ್ಯಾಂಕಿನ ಕ್ಯಾಷಿಯರ್ ಸದಾಶಿವಣ್ಣನೂ ಕಳಚಿದ. ಅವನ ಹಿಂದೆ ಇಡೀ ಕರಾವಳಿ ಕಳಚಿತು.

"ಒಳಗೆ ಎಂತ, ಪೂಜೆ ಉಂಟಾ ಮಾರಾಯ್ರೆ?"

"ಪೂಜೆಯಾದರೆ ಊಟದ ಪರಿಮಳ ಬರ್ತಿರಲಿಲ್ವಾ? ಸುಮ್ಮನೆ ಬನ್ನಿ," ಎಂದ ಸದಾಶಿವಣ್ಣ.

ನೋಡುನೋಡುತ್ತಿದ್ದಂತೆ ಕಾಗದದ ಬೂಟುಗಳ ನಡುವೆ ರಬ್ಬರು, ಚರ್ಮ, ಹೈಹೀಲ್ಡು. ಒಳಗೆ ಲಿನ್ ಬರಿಗಾಲಲ್ಲಿ, ಅಜ್ಜನ ನಿಜವಾದ ಸುತ್ತಿಗೆಯಿಂದ ಮರದ ದಿಮ್ಮಿ ಬಡಿಯುತ್ತ, ಆ ಲಯಕ್ಕೆ ತಿರುಗುತ್ತಿದ್ದಳು. "ಹಾಳುಮಾಡಿದೆವಾ?" ಎಂದು ಪಿಸುಗುಟ್ಟಿದೆ. ಸುತ್ತಿಗೆ ನಿಲ್ಲಲಿಲ್ಲ. "ಮುಟ್ಟಬೇಡಿ ದೀದಿ. ಇದು ನನಗೇ ಹೊಳೆದಿರಲಿಲ್ಲ." ಕಣ್ಣು ಎಷ್ಟು ಹೊಳೆಯುತ್ತಿತ್ತು ಅಂತೀರಿ.

ಆಗಲೇ ಡ್ಯೂಟಿಗೆ ಹೊರಟ ಚಾಚಾ ಬಾಗಿಲ ಮುಂದೆ ಹಾದರು, ಹಾದವರು ನಿಂತರು. ಸತ್ತವರ ಬೂಟುಗಳ ಸಾಲಿನಲ್ಲಿ ನಮ್ಮೆಲ್ಲರ ಚಪ್ಪಲಿ. ಅವರು ಮಂಡಿಯೂರಿದರು. ನಮ್ಮ ಒಂದು ಜೊತೆ ಎತ್ತಿ, ಧೂಳು ಒರೆಸಿ, ಆಚೆ ಗೋಡೆಯ ಬುಡದಲ್ಲಿಟ್ಟರು. ಇನ್ನೊಂದು ಜೊತೆ. ಮತ್ತೊಂದು. ಒಂದೊಂದು ಜೊತೆ ನೆಲ ಮುಟ್ಟಿದಾಗ ಒಳಗೆ ಸುತ್ತಿಗೆ ಒಮ್ಮೆ ಬಡಿಯಿತು. ಅಥವಾ ಸುತ್ತಿಗೆ ಬಡಿದಾಗ ಅವರು ಇಟ್ಟರು. ನನ್ನ ನೆನಪು ಎರಡನ್ನೂ ಅಷ್ಟೇ ಚೆನ್ನಾಗಿ ತೋರಿಸುತ್ತದೆ, ಹಾಗಾಗಿ ನಂಬುವುದಿಲ್ಲ.

"ಇವರೂ ಆಟದಲ್ಲಿ ಉಂಟಾ?" ನೋಡುತ್ತಿದ್ದವರಲ್ಲಿ ಯಾರೋ ಕೇಳಿದರು.

"ಉಂಟು ಕಾಣ್ತದೆ. ಒಳ್ಳೆ ಪ್ರಾಕ್ಟೀಸ್ ಆಗಿದೆ."

ಬದುಕಿದವರ ಜೋಡುಗಳೆಲ್ಲ ಬೇರೆಯಾದ ಮೇಲೆ ಚಾಚಾ ಒಂದು ಕಾಗದದ ಬೂಟು ಎತ್ತಿ, ಅಂಟು ಬಿಟ್ಟ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮಗಳಿಗೆ ತಮ್ಮ ಭಾಷೆಯಲ್ಲಿ ಏನೋ ಅಂದರು. ಸುತ್ತಿಗೆ ನಿಂತಿತು. ಲಿನ್ ಅಂಟಿನ ಡಬ್ಬಿ ತಂದು ಪಕ್ಕದಲ್ಲಿ ಕುಳಿತಳು. ನಾವು ಚಪ್ಪಾಳೆ ತಟ್ಟಿದೆವು. ಇಬ್ಬರೂ ತಲೆ ಎತ್ತಲಿಲ್ಲ.

ಇಷ್ಟು ವರ್ಷ ಇದನ್ನು ನಮ್ಮ ದಡ್ಡತನದ ಜೋಕಾಗಿ ಹೇಳಿ ನಗಿಸಿದ್ದೇನೆ. ಇಂದು ಬರೆಯಲು ಕುಳಿತರೆ ನಗು ಬರುತ್ತಿಲ್ಲ. ಮಂಡಿಯೂರಿದ ಆ ಬೆನ್ನಷ್ಟೇ ಕಾಣುತ್ತದೆ. ಚಾಚಾ ನಮ್ಮನ್ನು ಸತ್ತವರಿಂದ ಬಿಡಿಸುತ್ತಿದ್ದರೋ, ಮಗಳ ಆಟಕ್ಕೆ ಇಳಿದಿದ್ದರೋ, ಅವಳಿಗೆ ಏನು ಹೇಳಿದರೋ, ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.