ನಿನ್ನೆಯ ನೀರು

ಲಕ್ವಾ ಹೊಡೆದು ಮಾವನವರ ಬಲಗೈ ಬಿದ್ದುಹೋದ ಮೇಲೆ ಅವರ ಬಲಗೈ ನಾನೇ ಆದೆ. ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಇದಕ್ಕೆಲ್ಲ ಎಂದೂ ಬೇಸರಪಡಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳು. ದಿನಾ ಬೇಸರಪಟ್ಟೆ. ನಮ್ಮನೆಯವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿದ್ದರು. ತಿಂಗಳಿಗೊಮ್ಮೆ ಊರಿಗೆ, ಸನವಳ್ಳಿಗೆ ಬಂದು, ಅಪ್ಪನ ಕಾಲೊತ್ತಿ, ಕಣ್ಣೊರೆಸಿಕೊಂಡು, ಮರುದಿನದ ಬಸ್ಸಿಗೆ ಹೊರಟುಬಿಡುತ್ತಿದ್ದರು. ಕಣ್ಣೀರು ಹಾಕುವವರಿಗೆ ಬಸ್ಸು ಇರುತ್ತದೆ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ನಾನು, ಮಾವ, ಒಂದು ಎಮ್ಮೆ.

ಎಲ್ಲಕ್ಕಿಂತ ನನ್ನನ್ನು ದಣಿಸಿದ್ದು ಪೂಜೆ. ಲಿಂಗಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕಿದವರಲ್ಲ ಅವರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುತ್ತಿದ್ದರು. ನಾನು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದೆ. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಲಕ್ವಾ ಕೈಯ ಜೊತೆಗೆ ನೆನಪನ್ನೂ ಒಯ್ದಿತ್ತು. ನಾನು ಒಳಗೆ ಹೋಗಿ ಹಾಲಿನಲ್ಲಿ ರೊಟ್ಟಿ ಮುರಿದು ತರುವಷ್ಟರಲ್ಲಿ ಪೂಜೆಯಾದದ್ದೇ ಮರೆತಿರುತ್ತಿತ್ತು.

"ಪೂಜಿ ಆಗಿಲ್ಲಲ್ಲವ್ವಾ. ಹೆಂಗ ಉಣ್ಣಲಿ?"

"ಈಗರ ಆತಲ್ರಿ ಮಾವಾರ. ಹಣಿ ಮುಟ್ಟಿ ನೋಡ್ರಿ, ವಿಭೂತಿ ಐತಿ."

"ಅದು ನಿನ್ನೇದು."

ಆಮೇಲೆ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿದರೆ ಮುಗಿಯಿತು. ನಾನು ವಾದಿಸುತ್ತಿದ್ದೆ, ಅವರು ಅಳುತ್ತಿದ್ದರು, ರೊಟ್ಟಿ ಎಮ್ಮೆಯ ಪಾಲಾಗುತ್ತಿತ್ತು. ಮೈ ಎಲುಬಿನ ಹಂದರವಾಗಿತ್ತು. ಹೊಟ್ಟೆಗೆ ಬೀಳದಿದ್ದರೆ ಬಹಳ ದಿನ ತಾಳುವುದಿಲ್ಲ ಎಂದು ಮುಂಡಗೋಡದ ಡಾಕ್ಟರು ನನ್ನನ್ನೇ ನೋಡುತ್ತ ಹೇಳಿದರು, ನಾನೇ ಉಪವಾಸ ಕೆಡವಿದ್ದೇನೆ ಎಂಬಂತೆ.

ನನ್ನ ಕೊರಳಲ್ಲೂ ಲಿಂಗವಿತ್ತು. ಮೊದಮೊದಲು ಅವರ ಪೂಜೆ ಮುಗಿಸಿ ನನ್ನದು ಮಾಡಿಕೊಳ್ಳುತ್ತಿದ್ದೆ. ಬರಬರುತ್ತ ಜಳಕದ ಹೊತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಅದೇ ಪೂಜೆ. ಆಮೇಲೆ ಅದೂ ನಿಂತಿತು. ಕೇಳುವವರು ಯಾರಿದ್ದರು?

ಸಂಜೆ ಪಕ್ಕದ ಮನೆಯಾಕೆಯನ್ನು ಮಾವನ ಹತ್ತಿರ ಕೂರಿಸಿ ಟಿಬೆಟನ್ ಕಾಲೊನಿಗೆ ಹಾಲು ಕೊಡಲು ಹೋಗುತ್ತಿದ್ದೆ. ಟಿಬೆಟನ್ನರು ಬಂದು ಬಹಳ ಕಾಲವಾಗಿರಲಿಲ್ಲ. ಕಾಡು ಕಡಿದ ನೆಲದಲ್ಲಿ ಗೋವಿನಜೋಳ ಬಿತ್ತುತ್ತ, ನಮ್ಮ ಸೆಕೆಗೆ ಬೇಯುತ್ತ ಇದ್ದರು. ನಾನು ಹಾಲು ಕೊಡುವ ಮನೆಯಲ್ಲಿ ಒಬ್ಬಳು ಮುದುಕಿ, ಆಕೆಯ ಸೊಸೆ, ಇಬ್ಬರೇ. ತಮ್ಮ ದೇಶ ಬಿಟ್ಟು ಓಡಿಬರುವಾಗ ಮಗ ಹಿಮದ ದಾರಿಯಲ್ಲೇ ಉಳಿದುಹೋಗಿದ್ದ. ಸೊಸೆ ನಮ್ಮೂರವರ ಹೊಲಗಳಲ್ಲಿ ಕಳೆ ಕೀಳುತ್ತ ಕನ್ನಡ ಕಲಿತಿದ್ದಳು.

ಅವರ ತಗಡಿನ ಟ್ರಂಕಿನ ಮೇಲೆ ಬುದ್ಧನ ಪಟ, ಮುಂದೆ ಸಾಲಾಗಿ ಏಳು ಹಿತ್ತಾಳೆ ಬಟ್ಟಲು. ಬೆಳಿಗ್ಗೆ ಮುದುಕಿ ಅವುಗಳಲ್ಲಿ ನೀರು ತುಂಬುತ್ತಾಳಂತೆ, ತುಳುಕದಂತೆ, ಕಡಿಮೆಯಾಗದಂತೆ. ನಾನು ಹೋಗುವ ಹೊತ್ತಿಗೆ ಒಂದೊಂದನ್ನೇ ಎತ್ತಿ ಬಾಗಿಲ ಮುಂದಿನ ಚೆಂಡುಹೂವಿನ ಗಿಡಕ್ಕೆ ಸುರಿದು, ಒರೆಸಿ, ಬೋರಲು ಹಾಕುತ್ತಿದ್ದಳು. ಮೊಣಕಾಲು ನೋವಿನಿಂದ ನರಳುತ್ತ, ಸೊಸೆಗೆ ಏನೋ ಬೈಯುತ್ತ ಇಷ್ಟೂ ಮಾಡುತ್ತಿದ್ದಳು. ಬೈಗುಳಕ್ಕೆ ಭಾಷೆ ಬೇಕಿಲ್ಲ. ನನಗೆ ಚೆನ್ನಾಗಿ ತಿಳಿಯುತ್ತಿತ್ತು.

ಒಂದು ಸಂಜೆ, ಮಾವನ ಹತ್ತಿರ ಜಗಳ ಮಾಡಿಯೇ ಹೋಗಿದ್ದೆ, ಕೇಳಿಬಿಟ್ಟೆ.

"ನಿನ್ನೇನೂ ತುಂಬಿದ್ರಿ, ಇವತ್ತೂ ತುಂಬಿ ಚೆಲ್ಲಿದ್ರಿ. ನಿಮ್ಮ ದೇವರು ಒಂದು ಹನಿಯಾದ್ರೂ ಕುಡದಾನೇನು?"

ಸೊಸೆ ಅದನ್ನು ಮುದುಕಿಗೆ ಹೇಳಿದಳು. ಮುದುಕಿ ಕೈಯಲ್ಲಿದ್ದ ಬಟ್ಟಲು ಒರೆಸಿ ಮುಗಿಸಿದ ಮೇಲೇ ಉತ್ತರ ಕೊಟ್ಟಳು. ಸೊಸೆ ತಡವರಿಸುತ್ತ ಕನ್ನಡಕ್ಕೆ ತಂದಳು: "ಬುದ್ಧಗ ನೀರಡಿಕಿ ಇಲ್ಲ ಅಕ್ಕಾ. ಕೊಡೂದು ನಮ್ಮ ಕೈಗೆ ರೂಢಿ ಆಗಬೇಕು. ಬ್ಯಾರೆ ಏನು ಕೊಟ್ರೂ ಕೊಟ್ಟೆವಲ್ಲಾ ಅಂತ ಹೊಟ್ಟಿ ಉರೀತೈತಿ. ನೀರು ಕೊಟ್ರ ಉರಿಯಂಗಿಲ್ಲ. ಅದಕ್ಕ ನೀರು."

"ನಿನ್ನೆ ಕೊಟ್ಟದ್ದು ಸಾಕಾಗೂದಿಲ್ಲೇನು?"

"ನಿನ್ನೆ ನೀರು ನಿನ್ನೇದು."

ದಾರಿಯುದ್ದಕ್ಕೂ ಆ ಮಾತಿಗೆ ಸಿಟ್ಟು ಬಂತು. ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತು ತರುವವಳಿಗೆ ನೀರಿಗೂ ಹೊಟ್ಟೆ ಉರಿಯುತ್ತದೆ. ಆದರೂ ಮರುದಿನ ಮಾವನವರು "ಅದು ನಿನ್ನೇದು" ಎಂದಾಗ ವಾದಿಸಲಿಲ್ಲ. ಸುಮ್ಮನೆ ಎದ್ದು ನೀರು ತಂದೆ, ಇನ್ನೊಮ್ಮೆ ಪೂಜೆ ಮಾಡಿಸಿದೆ. ಅವರು ಉಂಡರು. ಕೆಲವು ದಿನ ಹೀಗೇ ನಡೆಯಿತು, ಅವರ ಮುಖಕ್ಕೆ ತುಸು ಕಳೆ ಬಂತು. ಬುದ್ಧನ ಬಗ್ಗೆ ಆಮೇಲೆ ದೊಡ್ಡ ದೊಡ್ಡ ಮಾತು ಕೇಳಿದ್ದೇನೆ, ಆಸೆಯೇ ದುಃಖಕ್ಕೆ ಮೂಲ, ಎಲ್ಲವೂ ಕ್ಷಣಿಕ ಎಂದು. ನಿಜವೇ ಇರಬೇಕು. ಆದರೆ ಕ್ಷಣಿಕವಾದದ್ದನ್ನು ದಿನಾ ತೊಳೆಯುವವರು ಯಾರು ಎಂದು ಆ ಮಾತಾಡಿದವರು ಯಾರೂ ಹೇಳಲಿಲ್ಲ. ಆ ಮುದುಕಿಗೆ ಗೊತ್ತಿತ್ತು.

ದಣಿವು ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಂದು ಮಧ್ಯಾಹ್ನ, ಎರಡು ಸಲ ಪೂಜೆಯಾಗಿ ಮೂರನೆಯದಕ್ಕೆ ಕೇಳಿದಾಗ ತಂಬಿಗೆಯನ್ನು ನೆಲಕ್ಕೆ ಕುಕ್ಕಿಬಿಟ್ಟೆ.

"ನಾನೇನು ಕಬ್ಬಿಣದಾಕಿ ಏನ್ರಿ? ಎಷ್ಟು ಸಲ ಮಾಡ್ಲಿ? ನನಗ ಸಾಕಾಗೇತ್ರಿ, ಸಾಕಾಗೇತಿ!"

ಅವರು ಅಳಲಿಲ್ಲ. ನನ್ನ ಮುಖ ನೋಡಿದರು. ಮೊದಲಿನ ದಿನಗಳ ಗಟ್ಟಿ ದನಿಯಲ್ಲಿ ಕೇಳಿದರು:

"ನಿಂದು ಆತೇನವ್ವಾ, ಪೂಜಿ?"

ಕಡೆಯ ಸಲ ಯಾವಾಗ ಮಾಡಿದ್ದೆ ಎಂಬುದೇ ನನಗೆ ನೆನಪಾಗಲಿಲ್ಲ.

"ಬಾ, ಕುಂದ್ರು. ಲಿಂಗಾ ಕೈಯಾಗ ಹಿಡಿ."

ಕೂತೆ. ಕೊರಳಿನದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡೆ. ಅವರು ಇದ್ದ ಒಂದೇ ಕೈಯಿಂದ ತಂಬಿಗೆ ಎತ್ತಿದರು. ಅರ್ಧ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದು ಲಿಂಗದ ಮೇಲೆ ಬಿತ್ತು. ನಾನು ಅತ್ತುಬಿಟ್ಟೆ, ಸಣ್ಣ ಹುಡುಗಿಯ ಹಾಗೆ, ಸೆರಗು ಬಾಯಿಗೆ ಹಿಡಿದು. ಅವರು ವಿಭೂತಿ ಹುಡುಕಿ ನನ್ನ ಹಣೆಗೆ ಹಚ್ಚಿದರು, ಅಡ್ಡಾದಿಡ್ಡಿಯಾಗಿ. ಆ ಮನೆಗೆ ಬಂದ ಮೇಲೆ ಯಾರೂ ನನಗಾಗಿ ತಂಬಿಗೆ ಎತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಒಳಗೆ ಹೋದೆ. ಹಾಲು ಬಿಸಿ ಮಾಡಿ, ರೊಟ್ಟಿ ಮುರಿದು ಹಾಕಿ ತಂದು ಮುಂದಿಟ್ಟೆ. ಅವರು ತಾಟು ನೋಡಿದರು, ನನ್ನನ್ನು ನೋಡಿದರು.

"ನಂದು ಪೂಜಿ ಆಗಿಲ್ಲಲ್ಲವ್ವಾ."

"ಇಲ್ರಿ ಮಾವಾರ, ಆಗಿಲ್ಲ" ಎಂದೆ. "ತಡೀರಿ, ನೀರು ತರ್ತೇನಿ."