ನಾಲ್ಕನೇ ಸಲಕ್ಕೆ ಹಸಿರು ದೀಪ

ತಪ್ಪು ಹುಡುಕಿದ್ದಕ್ಕೆ ನನಗೆ ಸಂಬಳ ಕೊಡ್ತಾರೆ ಅನ್ನೋದನ್ನ ಮದುವೆಯಾದ ಹೊಸದರಲ್ಲಿ ನಮ್ಮತ್ತೆ ನಂಬಲೇ ಇಲ್ಲ. "ಅದನ್ನ ನಾವು ಬಿಟ್ಟಿಯಾಗೇ ಮಾಡ್ಕೊಂಡು ಬಂದ್ವಲ್ಲೇ" ಅಂದರು. ಕೋಲಾರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು, ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ಸಾಲುಸಾಲಾಗಿ ಜಾಲಾಡಿ, ಕಳ್ಳ ಎಲ್ಲಿಂದ ನುಗ್ಗಬಹುದು ಅಂತ ವರದಿ ಬರೆದುಕೊಡೋದು ನನ್ನ ಕೆಲಸ. ಈಗ ಅತ್ತೆಗೂ ಅಭ್ಯಾಸವಾಗಿದೆ. ಯಾರಾದರೂ ಕೇಳಿದರೆ "ನಮ್ಮ ಸೊಸೆ ಮೇಲೆ ಕೂತು ಊರವರ ಹುಳುಕು ನೋಡ್ತಾಳೆ" ಅಂತಾರೆ. ಅವರು ಹೇಳೋದರಲ್ಲಿ ಸುಳ್ಳೇನಿಲ್ಲ.

ಅರ್ಧ ಕೆಲಸವನ್ನು ಸ್ಕ್ಯಾನರ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಮಾಡುತ್ತೆ. ಕೋಡನ್ನು ಅದರ ಬಾಯಿಗೆ ಹಾಕಿದರೆ ಅರ್ಧ ಗಂಟೆ ಅಗಿದು, ಕೆಂಪು ಹಳದಿ ಗುರುತು ಹಾಕಿದ ಉದ್ದನೆ ಪಟ್ಟಿ ಉಗುಳುತ್ತೆ. ನಮ್ಮ ಬೀದಿಯಲ್ಲೊಂದು ನಾಯಿ ಇದೆ. ಪೋಸ್ಟ್‌ಮ್ಯಾನ್, ಸೊಪ್ಪಿನವಳು, ಮನೆ ಯಜಮಾನ, ಎಲ್ಲರಿಗೂ ಒಂದೇ ಸಮ ಬೊಗಳುತ್ತೆ. ಹೋದ ವರ್ಷ ಎದುರು ಮನೆಯ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋದವನ ಜೊತೆ ಮಾತ್ರ ಬಾಲ ಅಲ್ಲಾಡಿಸಿಕೊಂಡು ಮೂಲೆವರೆಗೂ ಹೋಗಿ ಕಳಿಸಿ ಬಂತು. ಸ್ಕ್ಯಾನರ್ ಬುದ್ಧಿಯೂ ಅದೇ. ಅದು ಬೊಗಳಿದ್ದರಲ್ಲಿ ಯಾವುದು ನಿಜ, ಯಾವುದಕ್ಕೆ ಬೊಗಳದೆ ಸುಮ್ಮನಿತ್ತು ಅಂತ ನೋಡೋಕೆ ಮನುಷ್ಯರು ಬೇಕು. ಅದಕ್ಕೇ ನನ್ನ ಅನ್ನಕ್ಕೆ ಇನ್ನೂ ಕಲ್ಲು ಬಿದ್ದಿಲ್ಲ.

ನನಗೊಂದು ಕೆಟ್ಟ ಚಾಳಿ. "ಏನೂ ಸಿಗಲಿಲ್ಲ" ಅಂತ ಇವತ್ತಿನವರೆಗೂ ಒಂದು ವರದಿ ಬರೆದವಳಲ್ಲ. ಒಂದು ಸಲ ನಿಜವಾಗಲೂ ಏನೂ ಸಿಗದೆ ಇದ್ದಾಗ, ಮೈಯೆಲ್ಲ ಉರಿದುಹೋಗಿ, ಅವರ ಕಾಗುಣಿತದ ತಪ್ಪುಗಳನ್ನ ಪಟ್ಟಿ ಮಾಡಿ ಕಳಿಸಿದೆ. ಈ ಗುಣ ನನಗೆ ಅಪ್ಪನಿಂದ ಬಂದದ್ದು.

ಅಪ್ಪ ಶಿವಾರಪಟ್ಟಣದ ಶೆಡ್ಡುಗಳಲ್ಲಿ ನಲವತ್ತು ವರ್ಷ ವಿಗ್ರಹ ಕೆತ್ತಿದವರು. ನಮ್ಮೂರಿಂದ ಅಲ್ಲಿಗೆ ಸೈಕಲ್‌ನಲ್ಲಿ ಹೋಗಿ ಬರೋರು. ಬೇರೆಯವರು ಕೆತ್ತಿ ಮುಗಿಸಿದ ಮೂರ್ತಿಯನ್ನೂ ಕೊನೆಗೊಂದು ಸಲ ಅಪ್ಪನ ಮುಂದೆ ತಂದು ನಿಲ್ಲಿಸೋರು. ಅಪ್ಪ ಕಣ್ಣು ಮುಚ್ಚಿಕೊಂಡು ಕೆನ್ನೆ, ಭುಜ, ಹೊಟ್ಟೆ ಮೇಲೆ ಬೆರಳ ತುದಿ ಆಡಿಸಿ, "ಇಲ್ಲಿ ಇನ್ನೊಂದು ಸ್ವಲ್ಪ ಉಪ್ಪುಕಾಗದ ಕೊಡ್ರೋ" ಅನ್ನೋರು. ನಾವು ಎಷ್ಟು ಬಗ್ಗಿ ನೋಡಿದರೂ ಅಲ್ಲೇನೂ ಕಾಣ್ತಿರಲಿಲ್ಲ. ಉಪ್ಪುಕಾಗದ ತಿಕ್ಕಿ ತಿಕ್ಕಿ ಕಲ್ಲಿನ ಜೊತೆಗೆ ಅಪ್ಪನ ಬೆರಳೂ ನುಣ್ಣಗಾಯಿತು. ಚಿಕ್ಕವಳಿದ್ದಾಗ ಅವರು ನನ್ನ ಕೆನ್ನೆ ಸವರಿದರೆ ಗಾಜಿನ ಲೋಟ ತಾಗಿದ ಹಾಗಿರೋದು.

ಕಲ್ಲಿನ ಧೂಳಿಗೆ ಉಬ್ಬಸ ಹತ್ತಿ, ಇನ್ನು ಉಳಿ ಮುಟ್ಟಬೇಡಿ ಅಂತ ಡಾಕ್ಟರು ಅಂದಮೇಲೆ ಅಪ್ಪ ಒಂದು ಹಸು ಕಟ್ಟಿದರು. ಒಂದೇ ಒಂದು. ಅದಕ್ಕೆ ಹುಲ್ಲು ಹಾಕೋದು, ಮೈ ತೊಳೆಯೋದು, ಹಾಲು ಕರೆಯೋದು, ಬೆಳಿಗ್ಗೆ ಆರೂವರೆಗೆ ಇಸ್ತ್ರಿ ಶರಟು ಹಾಕ್ಕೊಂಡು ಕ್ಯಾನು ಹಿಡಿದು ಡೈರಿ ಮುಂದಿನ ಸಾಲಲ್ಲಿ ನಿಲ್ಲೋದು. "ನಾನೇ ಬೈಕಲ್ಲಿ ಹೋಗಿ ಹಾಕಿ ಬರ್ತೀನಿ, ನೀನು ಮಲಕ್ಕೋ" ಅಂದಿದ್ದಕ್ಕೆ ಅಣ್ಣನ ಜೊತೆ ಮೂರು ದಿನ ಮಾತು ಬಿಟ್ಟರು. ನಮ್ಮ ಕಡೆ ಡೈರಿಗೆ ತಾನೇ ಹಾಲು ಹಾಕೋ ಗಂಡಸು ಅಂದರೆ ಇನ್ನೂ ಮನೆ ನಡೆಸೋನು. ಮಗನ ಕೈಲಿ ಹಾಲು ಕಳಿಸೋನು ಜಗಲಿ ಮುದುಕ. ಅಪ್ಪನ ಪಾಲಿಗೆ ಉಳಿದಿದ್ದ ಮರ್ಯಾದೆ ಅಂದರೆ ಆ ಸಾಲಿನಲ್ಲಿ ನಿಲ್ಲೋದೊಂದೇ.

ಆ ಡೈರಿಗೆ ಥಂಬ್ ಮಿಷನ್ನು ಬಂತು. ಅದೊಂದು ಖಾಸಗಿ ಹಾಲಿನ ಕೇಂದ್ರ. ಮನೆಯ ಖಾತೆ ನಂಬರು ಹೇಳಿ ಬೆರಳು ಒತ್ತಿ, ಮಿಷನ್ನು ಒಪ್ಪಿ ಹಸಿರು ದೀಪ ತೋರಿಸಿದರೆ ಮಾತ್ರ ಹಾಲು ಅಳೀತಾರೆ. ಮನೆಯಲ್ಲಿದ್ದವರೆಲ್ಲರ ಬೆರಳನ್ನೂ ಬರೆಸಿಕೊಂಡರು. ಯುಗಾದಿಗೆ ಹೋಗಿದ್ದ ನನ್ನ ಬೆರಳನ್ನೂ ಬಿಡಲಿಲ್ಲ. ಆಮೇಲೆ ಅಪ್ಪ ಫೋನು ಮಾಡಿದಾಗೆಲ್ಲ ಅದರದ್ದೇ ಮಾತು. "ನಮ್ಮ ಡೈರಿ ಮಿಷನ್ನು ಬಲು ಬಿಂಕದ್ದು ಕಣಮ್ಮ. ಮೂರು ಸಲ ಇಲ್ಲ ಅನ್ನುತ್ತೆ. ನಾಲ್ಕನೇ ಸಲಕ್ಕೆ ದಾರಿಗೆ ಬರುತ್ತೆ." ಸಾಲಲ್ಲಿ ಹಿಂದೆ ನಿಂತವರೂ ಸೇರಿಕೊಂಡು ಒಕಟಿ, ರೆಂಡು, ಮೂಡು ಅಂತ ತೆಲುಗಲ್ಲಿ ಎಣಿಸ್ತಾರಂತೆ. ನಾಲುಗು ಅಂದ ತಕ್ಷಣ ಹಸಿರು ದೀಪವಂತೆ. ನಾನು ಹೊಟ್ಟೆ ತುಂಬ ನಕ್ಕೆ. ಸರಿಯಾಗಿ ನಾಲ್ಕನೇ ಸಲಕ್ಕೇ ಯಾಕೆ ಅಂತ ಮಾತ್ರ ಕೇಳಲಿಲ್ಲ. ತಪ್ಪು ಹುಡುಕಿ ಹೊಟ್ಟೆ ಹೊರೆಯೋಳು, ಕೇಳಬೇಕಿತ್ತು.

ಎರಡು ವರ್ಷವಾದ ಮೇಲೆ ಆ ಮಿಷನ್ನಿನ ಕೋಡು ನನ್ನ ಮೇಜಿಗೇ ಬಂತು. ಅದನ್ನು ಮಾಡಿದ ಕಂಪನಿಯವರು ಇನ್ನಷ್ಟು ಊರುಗಳಿಗೆ ಮಾರೋ ಮುಂಚೆ ತಪಾಸಣೆ ಮಾಡಿಸ್ತಿದ್ದರು. ಸ್ಕ್ಯಾನರ್‌ಗೆ ಹಾಕಿದೆ. ಇನ್ನೂರಕ್ಕೂ ಮೇಲೆ ದೂರು. ಹಸುಗಳ ಕಿವಿಯೋಲೆ ನಂಬರನ್ನು ಯಾರದೋ ಗುಟ್ಟಿನ ಪಾಸ್‌ವರ್ಡ್ ಅಂದುಕೊಂಡು ಒಂದೊಂದಕ್ಕೂ ಕೆಂಪು ಗುರುತು ಹಾಕಿತ್ತು. ಒಂದಿಡೀ ದಿನ ಹಸುಗಳನ್ನ ಆರೋಪದಿಂದ ಬಿಡಿಸಿದೆ. ಬೆರಳು ನೋಡೋ ಭಾಗದಲ್ಲಿ ಮಾತ್ರ ಒಂದೇ ಒಂದು ಗುರುತಿರಲಿಲ್ಲ. ಅಷ್ಟೊಂದು ಸಾಚಾತನ ನೋಡಿ ಅನುಮಾನ ಬಂದು, ನಾನೇ ಕಣ್ಣಿಟ್ಟು ಓದೋಕೆ ಕೂತೆ.

ಕೋಡು ಬರೆಯೋರು ನಡುನಡುವೆ ತಮ್ಮ ನೆನಪಿಗೆ ಟಿಪ್ಪಣಿ ಬರೆದುಕೊಳ್ಳೋದುಂಟು. ಮಿಷನ್ನಿಗೆ ಅದರ ಗೊಡವೆ ಇಲ್ಲ, ಸ್ಕ್ಯಾನರೂ ಅದನ್ನ ಹಾರಿಸಿ ಮುಂದೆ ಹೋಗುತ್ತೆ. ಇಲ್ಲೊಂದು ಟಿಪ್ಪಣಿ ಇಂಗ್ಲಿಷ್ ಅಕ್ಷರದಲ್ಲಿ, ತೆಲುಗು ಮಾತಲ್ಲಿ ಇತ್ತು. "ವೇಲು ಪಡನಿ ಪೆದ್ದೋಳ್ಳಕಿ. ತೀಯೊದ್ದು." ಬೆರಳಿನ ಗುರುತು ಬೀಳದ ವಯಸ್ಸಾದೋರಿಗೆ, ತೆಗೀಬೇಡಿ ಅಂತ. ಅದರ ಕೆಳಗೆ ಎರಡೇ ಸಾಲು: ಮೂರು ಸಲ ಬೆರಳು ಹೊಂದದೇ ಹೋದರೆ, ನಾಲ್ಕನೇ ಸಲ ಯಾರ ಬೆರಳಾದರೂ ಸರಿ, ಒಪ್ಪಿಕೋ. ರಾಯಲ್ಪಾಡಿನ ಕಡೆಯವನೋ, ಆಂಧ್ರ ಗಡಿಯ ಇನ್ಯಾವ ಊರಿನವನೋ, ಯಾವನೋ ಪುಣ್ಯಾತ್ಮ ಮನೆಯಲ್ಲಿದ್ದ ಅಜ್ಜಿಯನ್ನ ನೆನೆಸಿಕೊಂಡು ಬರೆದಿರಬೇಕು. ಇಷ್ಟು ದೊಡ್ಡ ತೂತನ್ನ ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮೊದಲು ಖುಷಿಯಾಯಿತು. ಆಮೇಲೆ ಅಪ್ಪನ ಹಸಿರು ದೀಪ ನೆನಪಾಯಿತು.

ಅದನ್ನ ಉಳಿಸೋಕೆ ಎಷ್ಟು ಸಾಧ್ಯವೋ ಅಷ್ಟು ತಲೆ ಓಡಿಸಿದೆ. ಪಕ್ಕದವರ ಹೆಸರಲ್ಲಿ ತನ್ನ ಹಸುವಿನ ಹಾಲು ಸುರಿದು ಓಡಿಹೋಗೋ ಕಳ್ಳ ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಅಂತ ವಾದ ಕಟ್ಟಿದೆ. ಆದರೆ ಅದೇ ಬೆರಳಿಗೆ ಡೈರಿಯಲ್ಲಿ ಹಿಂಡಿ ಮೂಟೆಯನ್ನೂ ಕೊಡ್ತಾರೆ. ನಾಲ್ಕು ಸಲ ಒತ್ತೋ ತಾಳ್ಮೆ ಇದ್ದರೆ ಯಾರು ಬೇಕಾದರೂ ಪಕ್ಕದ ಮನೆ ಅಜ್ಜಿಯ ಮೂಟೆ ಹೊತ್ತುಕೊಂಡು ಹೋಗಬಹುದು. ಅಲ್ಲಿಗೆ ನನ್ನ ವಾದ ಬಿದ್ದುಹೋಯಿತು. ಬರೆದರೆ ಅಪ್ಪ ಸಾಲಿನಿಂದ ಆಚೆ, ಬರೆಯದಿದ್ದರೆ ವರದಿ ಕೆಳಗಿನ ನನ್ನ ಸಹಿಯೇ ಸುಳ್ಳು. ಎರಡು ದಿನ ಸಾರಿಗೆ ಉಪ್ಪು ಹಾಕೋದು ಮರೆತೆ. ಅತ್ತೆ ಉಪ್ಪಿನ ಡಬ್ಬಿಯನ್ನ ಎಲ್ಲರ ತಟ್ಟೆ ಹತ್ತಿರ ತಂದಿಟ್ಟರು.

ಮೂರನೇ ದಿನ ಬರೆದೆ. ಮೊದಲನೇ ಪುಟದಲ್ಲಿ ಕೆಂಪಕ್ಷರದಲ್ಲಿ "ಅತಿ ಗಂಭೀರ" ಅಂತ ಹಾಕಿದೆ. ಇದನ್ನ ಮುಚ್ಚೋ ಮುಂಚೆ ಬೆರಳು ಸವೆದವರಿಗೆ ಬೇರೆ ದಾರಿ ಮಾಡಿ, ಡೈರಿ ಸೆಕ್ರೆಟರಿ ಅವರ ಮುಖ ನೋಡಿ ಗುರುತಿಸಿ, ತನ್ನ ಬೆರಳು ಒತ್ತಿ ಹಾಲು ಹಾಕಿಸಿಕೊಳ್ಳಲಿ, ಅದು ದಾಖಲಾಗಲಿ ಅಂತ ಏಳನೇ ಪುಟದಲ್ಲಿ ಬಿಡಿಸಿ ಬಿಡಿಸಿ ಬರೆದೆ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಏಳನೇ ಪುಟ ಯಾರೂ ಓದಲ್ಲ ಅನ್ನೋದು ಗೊತ್ತಿರಬೇಕಿತ್ತು. ನಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಸ್ಕ್ಯಾನರ್ ಕಣ್ಣಿಗೇ ಬೀಳದ್ದನ್ನ ಹಿಡಿದಿದ್ದಾಳೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಪನಿಯವರು ಆ ಎರಡು ಸಾಲನ್ನು ಅದೇ ವಾರ ಎಲ್ಲ ಊರಿನ ಮಿಷನ್ನುಗಳಿಂದಲೂ ಕಿತ್ತುಹಾಕಿದರು. ಏಳನೇ ಪುಟಕ್ಕೆ "ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು" ಅಂತ ಉತ್ತರ ಬಂತು.

ಅಪ್ಪನ ಫೋನು ಬರೋದು ನಿಂತಿತು. ನಾನೇ ಮಾಡಿದರೆ ಅತ್ತಿಗೆ ಎತ್ತಿದರು. "ಮಾವ ಡೈರಿಗೆ ಹೋಗ್ತಿಲ್ಲ ಕಣೇ. ಅವತ್ತು ಎಂಟು ಸಲ ಒತ್ತಿದರಂತೆ. ಹಿಂದೆ ನಿಂತೋರು ಐದರ ತನಕ ಎಣಿಸಿ ಆಮೇಲೆ ಸುಮ್ಮನಾದರಂತೆ. ಹಾಲು ವಾಪಸ್ ತಂದು ಒಲೆ ಪಕ್ಕ ಇಟ್ಟು ಮಲಕ್ಕೊಂಡ್ರು. ಈಗ ನಿಮ್ಮಣ್ಣನೇ ಹಾಕಿ ಬರ್ತಾರೆ." ಮಿಷನ್ನು ಕೆಟ್ಟಿದೆ ಅಂತ ಅಪ್ಪ ಅಂದುಕೊಂಡಿರಲಿಲ್ಲವಂತೆ. ತನಗೇ ವಯಸ್ಸಾಯಿತು ಅಂದುಕೊಂಡಿದ್ದರಂತೆ.

ಫೋನಿಟ್ಟು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಕಂಪನಿಗೆ ಇನ್ನೊಂದು ವರದಿ ಬರೆದೆ. ಹಾಲಿನ ಯಜಮಾನನನ್ನೇ ಬಾಗಿಲ ಹೊರಗೆ ನಿಲ್ಲಿಸೋ ಬೀಗ ಕೆಟ್ಟ ಬೀಗ, ಇದೂ ಅತಿ ಗಂಭೀರ, ಈ ಸಲ ಮೊದಲನೇ ಪುಟದಲ್ಲೇ. ಇದು ಭದ್ರತೆಯ ವಿಷಯವಲ್ಲ, ದಯವಿಟ್ಟು ಗ್ರಾಹಕ ಸೇವಾ ವಿಭಾಗಕ್ಕೆ ಬರೆಯಿರಿ ಅಂದರು. ಬರೆದೆ. ಈಗಲೂ ವಾರಕ್ಕೊಂದು ಬರೀತಿದ್ದೀನಿ.

ಅತ್ತಿಗೆ ಜೊತೆ ಮಾತಾಡಿದ ಆ ವಾರವೇ, ಶನಿವಾರ ಊರಿಗೆ ಹೋದೆ. ಅಣ್ಣ ಯಾವುದೋ ಮದುವೆಗೆ ಮುಳಬಾಗಿಲಿಗೆ ಹೋಗಿದ್ದ. ಅಪ್ಪ ಜಗಲಿ ಮೇಲೆ ಕೂತಿದ್ದರು. ಅವರು ಯಾವತ್ತೂ ಕೂರದ ಜಾಗ ಅದು. ಪಕ್ಕದಲ್ಲಿ ಕೂತು, "ಅಪ್ಪ, ಅದನ್ನ ಮುಚ್ಚಿಸಿದ್ದು ನಾನೇ" ಅಂತ ಎಲ್ಲ ಹೇಳಿದೆ.

"ಅದು ತಪ್ಪಾಗಿತ್ತಾ?" ಅಂತ ಕೇಳಿದರು.

"ಹೂಂ. ಯಾರು ಬೇಕಾದ್ರೂ ನುಗ್ಗಬಹುದಿತ್ತು."

"ಸರಿ ಬಿಡು. ಕಣ್ಣಿಗೆ ಬಿದ್ದ ಮೇಲೆ ಬಿಡೋಕಾಗಲ್ಲ" ಅಂದರು. ಬೈದಿದ್ದರೆ ಎಷ್ಟೋ ಹಗುರವಾಗ್ತಿತ್ತು.

ಮಾರನೇ ಬೆಳಿಗ್ಗೆ ಹಾಲು ಹಾಕೋಕೆ ಮನೆಯಲ್ಲಿ ಬೇರೆ ಗಂಡಸಿರಲಿಲ್ಲ. ಗೋಗರೆದು ಅಪ್ಪನಿಗೆ ಇಸ್ತ್ರಿ ಶರಟು ಹಾಕಿಸಿ ಕರೆದುಕೊಂಡು ಹೊರಟೆ. ಸಾಲಲ್ಲಿದ್ದವರು ದಾರಿ ಬಿಟ್ಟರು, ಅದು ಅಪ್ಪನಿಗೆ ಹಿಡಿಸಲಿಲ್ಲ. ನಮ್ಮ ಸರದಿ ಬಂದಾಗ ಸೆಕ್ರೆಟರಿ, "ನಾನು ಹುಟ್ಟಿದಾಗಿಂದ ಇವರನ್ನ ನೋಡಿದೀನಿ. ಮಿಷನ್ನಿಗೆ ಗೊತ್ತಿಲ್ಲ ಅಂದ್ರೆ ನಾನೇನ್ ಮಾಡ್ಲಿ ಅಕ್ಕ?" ಅಂದ. ಅಪ್ಪ ಕೈ ಮುಂದೆ ಚಾಚಲೇ ಇಲ್ಲ. "ನೀನೇ ಒತ್ತು" ಅಂದರು.

ಆ ಹಸುವಿನ ಹತ್ತಿರಕ್ಕೆ ಹೋಗೋಕೂ ನನಗೆ ಭಯ. ಒಂದು ದಿನ ಹಾಲು ಕರೆದವಳಲ್ಲ, ಒಂದು ಹಿಡಿ ಹುಲ್ಲು ಹಾಕಿದವಳಲ್ಲ. ಹೆಬ್ಬೆರಳು ಇಟ್ಟೆ. ಮೊದಲನೇ ಸಲಕ್ಕೇ ಹಸಿರು ದೀಪ ಬಂತು. ಹಾಲು ಸುರಿದರು, ಚೀಟಿ ಕೊಟ್ಟರು. ಹಿಂದೆ ನಿಂತವರು ಯಾರೂ ಏನೂ ಎಣಿಸಲಿಲ್ಲ.

ಆಚೆ ಬಂದಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳ ಮೇಲೆ ತಮ್ಮ ಬೆರಳು ಆಡಿಸಿ ನೋಡಿದರು. "ಒಳ್ಳೆ ಬೆರಳು ಕಣಮ್ಮ" ಅಂದರು. "ಗೆರೆಯೆಲ್ಲ ಹುಟ್ಟಿದಾಗ ಇದ್ದಂಗೇ ಐತೆ. ಯಾವ ಕೆಲ್ಸಕ್ಕೂ ಹಾಕಿಲ್ಲ ನೋಡು." ಹೊಗಳಿಕೆ ಅಂತಲೇ ಹೇಳಿದ್ದು. ಖಾಲಿ ಕ್ಯಾನನ್ನ ನಾನು ಇಸ್ಕೊಳ್ಳೋಕೆ ಹೋದೆ, ಅವರು ಕೊಡಲಿಲ್ಲ.