ಎದೆಗೆ ಅಂಟಿಸಿದ ಕಾರ್ಡು

ಈ ಮಳೆಗಾಲದ ತೇವಕ್ಕೆ, ಹಾಸನದ ನನ್ನ ಮನೆಯ ಗೋಡೆಯ ಮೇಲಿರುವ ಚಿತ್ರದಲ್ಲಿ ಬಟ್ಟೆಯ ತುಂಡೊಂದು ಅಂಚು ಬಿಟ್ಟಿದೆ. ಅಲ್ಲಿಂದ ಮೈದಾ ಅಂಟಿನ ಹುಳಿ ವಾಸನೆ. ಒಬ್ಬನೇ ಇರುವ ಮನೆಯಲ್ಲಿ ವಾಸನೆ ಬಂದರೂ ಯಾರೋ ಬಂದಂತೆ, ನೋಡಿ. ಕುರ್ಚಿ ಎಳೆದುಕೊಂಡು ಎದುರು ಕುಳಿತೆ.

ಬರೆದವರು ರಂಗೇಗೌಡರು, ಅರಕಲಗೂಡಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಬರಿಯ ಬಣ್ಣದಿಂದ ಮನುಷ್ಯನಾಗುವುದಿಲ್ಲವೆಂದು ಹಳೆಯ ಕಾಗದ, ಗೋಣಿಯ ಚೂರು ಅಂಟಿಸಿ, ಇದ್ದಿಲಿನಿಂದ ಗೀರಿ, ಕೆರೆಯ ಮಣ್ಣು ತೀಡಿ, ಆಮೇಲೆ ಬಣ್ಣ ಹಚ್ಚುವರು. ತಾರೀಕು ಮಾತ್ರ ಹಾಕುತ್ತಿರಲಿಲ್ಲ.

ನಾನೋ ಮದುವೆಯ ಕರೆಯೋಲೆಯನ್ನೂ ಪಂಚಾಂಗದೊಡನೆ ತಾಳೆ ನೋಡುವವನು. ಹೊಳೆನರಸೀಪುರದಲ್ಲಿ ಅವರ ಪ್ರದರ್ಶನವಾದಾಗ ಕೈಪಿಡಿ ಬರೆದುಕೊಟ್ಟೆ. ಒಂದು ಚಿತ್ರದಲ್ಲಿ, ಕುಳಿತ ಹೆಂಗಸಿನ ಮಡಿಲಿಗೆ ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. ಅದರ ವರ್ಷವನ್ನೇ ಚಿತ್ರದ ವರ್ಷವೆಂದು ಅಚ್ಚು ಹಾಕಿಸಿದೆ. ಚಿತ್ರ ಅದಕ್ಕೆ ಮೂರು ವರ್ಷ ಈಚಿನದೆಂದು ಅವರು ಹೇಳಿದಾಗ ಸಭೆಯಲ್ಲೇ ತಿದ್ದಿದೆ: “ತಮಗೆ ಮರೆತಿರಬೇಕು ಮೇಷ್ಟರೇ, ಆಧಾರ ಇಲ್ಲಿದೆ.”

“ಅದು ಗುಜರಿ ಅಂಗಡಿ ಕ್ಯಾಲೆಂಡ್ರು ಕಣ್ ಸಾ! ಹಳೇ ಕಾಗ್ದ ಚೆನ್ನಾಗ್ ಕಚ್ಕತದೆ ಅಂತ ತಂದಿದ್ದು.” ಜನ ನಕ್ಕರು. ಅವರು ನಗಲಿಲ್ಲ. “ಮಡ್ಲಲ್ಲಿ ತಾರೀಕ್ ಹುಡುಕುದ್ರಿ, ಮಕ ನೋಡುದ್ರಾ? ನಮ್ಮವ್ವ ಅದು. ಅವ್ವ ತೀರ್ಕಂಡ್ ವರ್ಸ ಬರ್ದಿದ್ದು. ಆ ವರ್ಸ ನಂಗ್ ಮರ್ತೋಯ್ತದಾ?”

ತಿಂಗಳ ಮೇಲೆ ಕ್ಷಮೆ ಕೇಳಿ ಕಾರ್ಡು ಬರೆದೆ. ಅದರಲ್ಲೂ ಒಂದು ಅಡಿಟಿಪ್ಪಣಿ ಇತ್ತೆಂದರೆ ನೀವು ನಗಬಹುದು. ಉತ್ತರ ಬರಲಿಲ್ಲ. ತಲುಪಿತೋ, ತಲುಪಿಯೂ ಬೇಡವಾಯಿತೋ, ಯಾವ ದಾಖಲೆಯಲ್ಲಿ ಹುಡುಕಲಿ? ಹೋಗಿ ಕೇಳುವ ಧೈರ್ಯ ಕೂಡಿಬರುವುದರೊಳಗೆ ಅವರೇ ತೀರಿಕೊಂಡರು.

ಕಳೆದ ವರ್ಷ ಅವರ ಮಗಳು ಮಲ್ಲಿಪಟ್ಟಣದಿಂದ ಈ ಚಿತ್ರ ತಂದಳು. “ಅಪ್ಪ ನಿಮ್ಗೇಂತ ಎತ್ತಿಟ್ಟಿದ್ರು ಸಾ. ಯಾಕೇಂತ ಏಳ್ನಿಲ್ಲ.” ನನ್ನಂತೆಯೇ ಕನ್ನಡಕ ಹಾಕಿದ ಗಂಡಸೊಬ್ಬ ಕುಳಿತು, ತನ್ನ ಖಾಲಿ ಮಡಿಲನ್ನು ಬಗ್ಗಿ ನೋಡುತ್ತಿದ್ದಾನೆ. ಅಣಕವೆಂದೇ ತಿಳಿದು ಗೋಡೆಗೆ ಹಾಕಿದ್ದೆ. ಶಿಕ್ಷೆ ಕಣ್ಣೆದುರಿಗೇ ಇರಲೆಂದು.

ಅಂಚು ಬಿಟ್ಟದ್ದು ಅವನ ಎದೆಯ ಬಟ್ಟೆ. ಉಗುರಿನಿಂದ ಎತ್ತಿದೆ. ಕೆಳಗೆ ಒಂದು ಕಾರ್ಡು, ನನ್ನದೇ ಅಕ್ಷರ: “ತಪ್ಪು ನನ್ನದು.” ಪಕ್ಕದಲ್ಲಿ ಅಂಚೆಯ ಮುದ್ರೆಯ ಅರ್ಧ ವೃತ್ತ. ಇನ್ನೊಂದು ಬೆರಳಗಲ ಎತ್ತಿದ್ದರೆ ತಾರೀಕು ಸಿಗುತ್ತಿತ್ತು. ಕೈ ಆಗಲೇ ಭೂತಗನ್ನಡಿಯನ್ನು ಹುಡುಕುತ್ತಿತ್ತು.

ಅದನ್ನು ಹಿಂದಕ್ಕೆಳೆದುಕೊಂಡು, ಎದ್ದು ಹೋಗಿ ಮೈದಾ ಕಲಸಿ ಕಾಯಿಸಿದೆ. ಅಂಟು ಸವರಿ, ಅದು ಹಿಡಿಯುವವರೆಗೆ ಆ ಎದೆಯ ಮೇಲೆ ಅಂಗೈಯೊತ್ತಿ ನಿಂತೆ. ಅಷ್ಟು ಹೊತ್ತೂ ಕಣ್ಣೆದುರು ಇದ್ದದ್ದು ಆ ಮುಖವೊಂದೇ. ಅಲ್ಲಿ ಅಣಕವಿರಲಿಲ್ಲ.